ಅಡಿಕೆ ಟೆಂಡರಿನಿಂದ ಮಾರ್ಚ್ ಅಂತ್ಯದವರೆಗೆ: ದೊಡ್ಡ ವಹಿವಾಟಿಗೆ ಯಾವ ಡೇಟಾಬೇಸ್?

ಡೇಟಾಬೇಸ್ ಕೊಳ್ಳುವ ಸಭೆಯಲ್ಲಿ ಮೊದಲು ಕೇಳಿಬರುವ ಮಾತು “ನಮ್ಮದು ಬಹಳ ದೊಡ್ಡ ವಹಿವಾಟು” ಎಂಬುದು. ಎಷ್ಟು ದೊಡ್ಡದು ಎಂದು ಕೇಳಿದರೆ ಉತ್ತರ ಕೋಟಿ ರೂಪಾಯಿಗಳಲ್ಲಿ ಬರುತ್ತದೆ. ಡೇಟಾಬೇಸಿಗೆ ರೂಪಾಯಿಯ ಹಂಗಿಲ್ಲ. ಐವತ್ತು ರೂಪಾಯಿಯ ರಸೀದಿಯೂ ಐವತ್ತು ಲಕ್ಷದ ಚೆಕ್ಕೂ ಅದರ ಪಾಲಿಗೆ ಒಂದೊಂದು ಸಾಲು. ಹಾಗಾಗಿ ಒರಾಕಲ್, ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ಗಳಲ್ಲಿ ಯಾವುದು ಎಂದು ವಾದಕ್ಕೆ ಇಳಿಯುವ ಮೊದಲು ಸಾಲುಗಳನ್ನು ಎಣಿಸಬೇಕು.

ಶಿರಸಿಯಲ್ಲಿ ಪ್ರಧಾನ ಕಚೇರಿ ಇರುವ ಒಂದು ಅಡಿಕೆ ಮಾರಾಟ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಸಿದ್ದಾಪುರ, ಯಲ್ಲಾಪುರ, ಕುಮಟಾದಲ್ಲಿ ಶಾಖೆಗಳು. ಪ್ರಾಂಗಣದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟಿನ ಟೆಂಡರ್. ಜೊತೆಗೆ ಕಿರಾಣಿ, ಗೊಬ್ಬರದ ಮಳಿಗೆ, ಸದಸ್ಯರ ಠೇವಣಿ, ಸಾಲ. ಎಲ್ಲ ಸೇರಿ ದಿನಕ್ಕೆ 2 ಲಕ್ಷ ಸಾಲುಗಳು ದಾಖಲಾಗುತ್ತವೆ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ಸಾಲಿಗೆ 500 ಬೈಟ್ ಹಿಡಿದರೆ ದಿನಕ್ಕೆ 100 ಎಂಬಿ, 300 ಕೆಲಸದ ದಿನಗಳಿಗೆ 30 ಜಿಬಿ. ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳಿಗೆ ಅಷ್ಟೇ ಜಾಗ ಬಿಟ್ಟರೂ ವರ್ಷಕ್ಕೆ 60 ಜಿಬಿ. ಎಂಟು ತಾಸಿನ ಕೆಲಸಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 7 ಸಾಲು. ಟೆಂಡರ್ ಮುಗಿಯುವ ಹೊತ್ತಿಗೆ ಹತ್ತು ಪಟ್ಟು ಏರಿದರೂ 70. ವೇಗದ ಎಸ್‌ಎಸ್‌ಡಿ ಇರುವ ಇಂದಿನ ಒಂದು ಒಳ್ಳೆಯ ಸರ್ವರ್ ಸೆಕೆಂಡಿಗೆ ಸಾವಿರಾರು ಸಣ್ಣ ವಹಿವಾಟುಗಳನ್ನು ನಿಭಾಯಿಸುತ್ತದೆ. ಅಂದರೆ ಗಾತ್ರದ ಪ್ರಶ್ನೆಗೆ ಮೇಲಿನ ನಾಲ್ಕರಲ್ಲಿ ಯಾವುದಾದರೂ ಸಾಕು. ವ್ಯತ್ಯಾಸ ಗೊತ್ತಾಗುವುದು ಬೇರೆ ಕಡೆ: ಒಂದೇ ಸಾಲಿಗೆ ಇಬ್ಬರು ಕೈ ಹಾಕಿದಾಗ, ಮಳೆಗಾಲದಲ್ಲಿ ಕರೆಂಟು ಹೋದಾಗ, ಲೈಸೆನ್ಸಿನ ನವೀಕರಣದ ಬಿಲ್ಲು ಬಂದಾಗ. ಸಾಧಾರಣ ದಿನ ನಾಲ್ಕೂ ಚೆನ್ನಾಗಿಯೇ ಓಡುತ್ತವೆ. ಕೆಟ್ಟ ದಿನವನ್ನು ಎದುರಿಗಿಟ್ಟುಕೊಂಡು ಆರಿಸಬೇಕು ಎಂಬುದು ನನ್ನ ವಾದ.

ಆಯ್ಕೆ ನಿಮ್ಮ ಕೈಯಲ್ಲಿ ಇದೆಯೇ?

ಎಷ್ಟೋ ಸಲ ಇರುವುದಿಲ್ಲ. ಇಡೀ ವ್ಯವಹಾರ ನೋಡಿಕೊಳ್ಳುವ ಸಿದ್ಧ ತಂತ್ರಾಂಶ (ಇಆರ್‌ಪಿ) ಕೊಂಡರೆ ಡೇಟಾಬೇಸ್ ಅದರ ಜೊತೆಗೇ ಗೊತ್ತಾಗಿರುತ್ತದೆ. ಎಸ್‌ಎಪಿಯ ಎಸ್/4ಹಾನಾ ಕೊಂಡವರು ಹಾನಾ ಡೇಟಾಬೇಸನ್ನೇ ಕೊಳ್ಳಬೇಕು. ಒರಾಕಲ್‌ನ ಇ-ಬಿಸಿನೆಸ್ ಸೂಟ್ ಒರಾಕಲ್ ಮೇಲೆ ಮಾತ್ರ ಓಡುತ್ತದೆ. ಓಡೂ ಆರಿಸಿದರೆ ಪೋಸ್ಟ್‌ಗ್ರೆಸ್ ಬಂದೇ ಬರುತ್ತದೆ; ಇಆರ್‌ಪಿನೆಕ್ಸ್ಟ್ ಹಾಕಿಸಿದವರ ಮನೆಗೆ ಮರಿಯಾಡಿಬಿ ಬರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದವರಾದರೆ ಈ ಚರ್ಚೆಯೇ ಬೇಡ: ಕೇಂದ್ರ ಸರಕಾರ 2022ರ ಜೂನ್‌ನಲ್ಲಿ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ಅದರಲ್ಲಿ ತಂತ್ರಾಂಶ ಎಲ್ಲರಿಗೂ ಒಂದೇ. ಟ್ಯಾಲಿಯಲ್ಲಿ ನೆಮ್ಮದಿಯಾಗಿ ಲೆಕ್ಕ ಇಡುತ್ತಿರುವ ಅಂಗಡಿಕಾರರು ಕೂಡ ಇಲ್ಲಿಗೇ ನಿಲ್ಲಿಸಬಹುದು. ಟ್ಯಾಲಿಗೆ ತನ್ನದೇ ಕಡತ ವ್ಯವಸ್ಥೆ ಇದೆ.

ಮುಂದಿನ ಮಾತು ಸ್ವಂತ ತಂತ್ರಾಂಶ ಬರೆಸುವವರಿಗೆ, ಅಥವಾ “ಯಾವ ಡೇಟಾಬೇಸ್ ಬೇಕು ಹೇಳಿ, ಅದರ ಮೇಲೆ ಕೊಡುತ್ತೇವೆ” ಎನ್ನುವ ಮಾರಾಟಗಾರ ಸಿಕ್ಕಿದವರಿಗೆ.

ಲೈಸೆನ್ಸಿನ ಲೆಕ್ಕ

ನಾಲ್ಕರ ನಡುವೆ ಅತಿ ದೊಡ್ಡ ಅಂತರ ಇರುವುದು ಇಲ್ಲೇ. 16 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಒಂದು ಇಂಟೆಲ್ ಸರ್ವರ್ ಹಿಡಿದು ಲೆಕ್ಕ ಹಾಕೋಣ.

ಒರಾಕಲ್ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಪ್ರೊಸೆಸರ್ ಒಂದಕ್ಕೆ 47,500 ಡಾಲರ್. ಇಂಟೆಲ್ ಕೋರ್ ಎರಡಕ್ಕೆ ಒಂದು ಪ್ರೊಸೆಸರ್ ಎಂಬ ಲೆಕ್ಕ. 16 ಕೋರ್‌ಗೆ 8 ಪ್ರೊಸೆಸರ್, ಅಂದರೆ 3,80,000 ಡಾಲರ್. ಇದರ ಮೇಲೆ ಪ್ರತಿ ವರ್ಷ ಶೇಕಡಾ 22ರ ಬೆಂಬಲ ಶುಲ್ಕ, 83,600 ಡಾಲರ್. ಸಾಲುಗಳ ದೊಡ್ಡ ಪಟ್ಟಿಯನ್ನು (ಟೇಬಲನ್ನು) ವರ್ಷವಾರು ತುಂಡು ಮಾಡಿಡುವ ಪಾರ್ಟಿಷನಿಂಗ್ ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಬೆಲೆ. ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳಲ್ಲಿ ನಿಧಾನವಾದದ್ದು ಯಾವುದೆಂದು ತೋರಿಸುವ ಡಯಾಗ್ನೋಸ್ಟಿಕ್ಸ್ ಪ್ಯಾಕ್‌ಗೂ ಬೇರೆ ಬೆಲೆ. ಆದರೆ ಅದು ಯಂತ್ರದಲ್ಲಿ ಇದ್ದೇ ಇರುತ್ತದೆ, ಯಾರಾದರೂ ಬಳಸಿದರೆ ಬಳಸಿದ್ದು ಒಳಗೆ ದಾಖಲಾಗುತ್ತದೆ, ತಪಾಸಣೆಗೆ ಬಂದವರು ಮೊದಲು ನೋಡುವುದು ಆ ದಾಖಲೆಯನ್ನು. ಮೊದಲ ಯಂತ್ರ ಕೆಟ್ಟರೆ ಒದಗಲೆಂದು ಸದಾ ಚಾಲೂ ಇಡುವ ಡೇಟಾಬೇಸಿನ ಎರಡನೆಯ ಪ್ರತಿಗೂ ಪೂರ್ತಿ ಲೈಸೆನ್ಸ್ ಬೇಕು. ಚೌಕಾಸಿ ಮಾಡಿದರೆ ರಿಯಾಯಿತಿ ಸಿಗುತ್ತದೆ, ನಿಜ. ಸಿಕ್ಕ ಮೇಲೂ ಇದು ಅಡಿಕೆ ಸಂಸ್ಥೆಯ ಆಡಳಿತ ಮಂಡಳಿ ಚಹಾ ಕುಡಿಯುತ್ತ ಒಪ್ಪುವ ಮೊತ್ತವಲ್ಲ.

ಒರಾಕಲ್‌ಗೆ ಅಗ್ಗದ ದಾರಿಯೊಂದಿದೆ: ಸ್ಟ್ಯಾಂಡರ್ಡ್ ಆವೃತ್ತಿ 2. ಸಾಕೆಟ್ (ಚಿಪ್ ಕೂರುವ ಜಾಗ) ಒಂದಕ್ಕೆ 17,500 ಡಾಲರ್. ಎರಡು ಸಾಕೆಟ್‌ಗಿಂತ ದೊಡ್ಡ ಯಂತ್ರದಲ್ಲಿ ಹಾಕುವಂತಿಲ್ಲ, ಒಟ್ಟಿಗೆ 16 ಥ್ರೆಡ್‌ಗಳನ್ನಷ್ಟೇ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಬಳಸುತ್ತದೆ, ಮತ್ತು ಎರಡನೆಯ ಪ್ರತಿಯನ್ನು ತಾನಾಗಿ ಕಾಯ್ದುಕೊಳ್ಳುವ ಡೇಟಾ ಗಾರ್ಡ್ ಇದರಲ್ಲಿ ಇಲ್ಲ. ಒರಾಕಲ್ ಕೊಳ್ಳುವವರು ಬಯಸುವುದೇ ಅದನ್ನು. ಹೀಗಾಗಿ ನನಗೆ ಇದು ಅರ್ಧ ದಾರಿಗೆ ಟಿಕೆಟ್ ತೆಗೆಸಿದ ಪ್ರಯಾಣದಂತೆ ಕಾಣುತ್ತದೆ.

ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ 2022ರ ಎಂಟರ್‌ಪ್ರೈಸ್ ಆವೃತ್ತಿಗೆ ಅಮೆರಿಕದ ಪಟ್ಟಿ ಬೆಲೆ ಎರಡು ಕೋರ್‌ಗೆ 15,123 ಡಾಲರ್, ಸ್ಟ್ಯಾಂಡರ್ಡ್‌ಗೆ 3,945. ನಮ್ಮ 16 ಕೋರ್‌ಗೆ ಕ್ರಮವಾಗಿ 1,20,984 ಮತ್ತು 31,560 ಡಾಲರ್ ಆಗುತ್ತದೆ. 2022ರ ಸ್ಟ್ಯಾಂಡರ್ಡ್‌ಗೆ ಮಿತಿಗಳಿವೆ: 24 ಕೋರ್, 128 ಜಿಬಿ ಮೆಮೊರಿ. ಮೇಲೆ ಹಾಕಿದ ಲೆಕ್ಕದ ಸಂಸ್ಥೆಗೆ ಈ ಮಿತಿ ತಾಗುವುದೇ ಇಲ್ಲ. ಉಚಿತ ಎಕ್ಸ್‌ಪ್ರೆಸ್ ಆವೃತ್ತಿಗೆ ಮಾತ್ರ ಮರುಳಾಗಬೇಡಿ. 2022ರವರೆಗಿನ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮೀರಿ ಜಾಗವಿಲ್ಲ. ನಮ್ಮ ಲೆಕ್ಕದಲ್ಲಿ ಅದು ಎರಡು ತಿಂಗಳಿಗೆ ತುಂಬುತ್ತದೆ. ತುಂಬಿದ ದಿನ ಹೊಸ ರಸೀದಿ ಬರೆಯಲಾಗದೆ ಕೌಂಟರ್ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್‌ಗೆ ಲೈಸೆನ್ಸ್ ಹಣ ಸೊನ್ನೆ. ಪಾರ್ಟಿಷನಿಂಗ್, ಎರಡನೆಯ ಪ್ರತಿ, ಹತ್ತನೆಯ ಪ್ರತಿ ಎಲ್ಲವೂ ಅದರಲ್ಲೇ ಇದೆ. ಮೈಎಸ್‌ಕ್ಯುಎಲ್‌ನ ಸಮುದಾಯ ಆವೃತ್ತಿಯೂ ಉಚಿತ. ಅದರ ಒಡೆತನ 2010ರಿಂದ ಒರಾಕಲ್ ಕಂಪನಿಯದು, ಅದಕ್ಕೆ ಹೆದರಿ ಮೂಲ ಕರ್ತೃವೇ 2009ರಲ್ಲಿ ಕವಲೊಡೆಸಿದ್ದು ಮರಿಯಾಡಿಬಿ. ಆದರೆ ಲೈಸೆನ್ಸ್ ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ಉಳಿದ ಹಣದಲ್ಲಿ ಒಂದು ಭಾಗವನ್ನು ಅದನ್ನು ಬಲ್ಲವರ ಸಂಬಳಕ್ಕೆ ಇಡಬೇಕು. ಪೂರ್ತಿ ಉಳಿತಾಯವೆಂದು ತೋರಿಸಿ ಬಜೆಟ್ ಮಂಡಿಸುವವರನ್ನು ನಂಬಬೇಡಿ.

ಒಂದೇ ಸಾಲಿಗೆ ಇಬ್ಬರು

ಟೆಂಡರಿನ ಕೊನೆಯ ನಿಮಿಷ. ಲಾಟ್ 214ಕ್ಕೆ ಸದ್ಯದ ಹೆಚ್ಚಿನ ದರ ಕ್ವಿಂಟಲಿಗೆ 45,000 ಎಂದಿದೆ. ಒಬ್ಬ ಖರೀದಿದಾರರು 45,300 ಬರೆಯುತ್ತಾರೆ, ಅದೇ ಕ್ಷಣಕ್ಕೆ ಇನ್ನೊಬ್ಬರು 45,200. ಇಬ್ಬರ ಪರದೆಯೂ 45,000ವನ್ನು ಓದಿದೆ, ಇಬ್ಬರದೂ ಅದಕ್ಕಿಂತ ಹೆಚ್ಚು, ಇಬ್ಬರದೂ ಸ್ವೀಕೃತ. ಎರಡನೆಯವರದು ಅರೆಕ್ಷಣ ತಡವಾಗಿ ಬರೆಯಲ್ಪಟ್ಟರೆ ಕೊನೆಗೆ ಉಳಿಯುವುದು 45,200, ರೈತರಿಗೆ ನೂರು ರೂಪಾಯಿ ಖೋತಾ. ಇದು ಡೇಟಾಬೇಸಿನ ದೋಷವಲ್ಲ, ತಂತ್ರಾಂಶ ಬರೆದವರದು. ಇನ್ನೊಬ್ಬರು ತಿದ್ದದಂತೆ ಓದುವಾಗಲೇ ಸಾಲಿಗೆ ಬೀಗ ಹಾಕಬೇಕು, ಇಲ್ಲವೇ ಪ್ರತಿ ದರವನ್ನೂ ಬೇರೆ ಸಾಲಾಗಿ ಬರೆದು ಕೊನೆಯಲ್ಲಿ ದೊಡ್ಡದನ್ನು ಆರಿಸಬೇಕು. ಎರಡನೆಯ ದಾರಿಯೇ ಮೇಲು. ತಕರಾರು ಬಂದರೆ ಯಾರು ಯಾವಾಗ ಎಷ್ಟು ಬರೆದರು ಎಂಬುದು ಉಳಿದಿರುತ್ತದೆ. ನಾಲ್ಕೂ ಡೇಟಾಬೇಸ್‌ಗಳು ಇದಕ್ಕೆ ಸೌಕರ್ಯ ಕೊಡುತ್ತವೆ.

ಇನ್ನೊಂದು ಉದಾಹರಣೆಯಲ್ಲಿ ನಾಲ್ಕೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಸದಸ್ಯರೊಬ್ಬರ ಸಾಲದ ಮಿತಿ 3 ಲಕ್ಷ, ಬಾಕಿ 2 ಲಕ್ಷ. ಶಿರಸಿ ಶಾಖೆಯಲ್ಲಿ ಅವರು 80,000 ಕೇಳುತ್ತಾರೆ; ಅದೇ ಹೊತ್ತಿಗೆ ಯಲ್ಲಾಪುರದಲ್ಲಿ ಅವರ ಮಗ ಅದೇ ಖಾತೆಗೆ ಇನ್ನೊಂದು 80,000 ಕೇಳುತ್ತಾನೆ. ಎರಡೂ ಶಾಖೆಗಳು ಬಾಕಿಯ ಮೊತ್ತ ಕೂಡಿಸಿ ನೋಡುತ್ತವೆ, ಎರಡಕ್ಕೂ 2 ಲಕ್ಷವೇ ಕಾಣುತ್ತದೆ, ಎರಡೂ ಹೊಸ ಸಾಲು ಸೇರಿಸುತ್ತವೆ. ಒಂದು ಸಾಲನ್ನು ಇಬ್ಬರು ತಿದ್ದಿಲ್ಲವಾದ್ದರಿಂದ ಬೀಗಕ್ಕೆ ಸಿಕ್ಕುವುದೂ ಇಲ್ಲ. ಬಾಕಿ 3,60,000. ಪೋಸ್ಟ್‌ಗ್ರೆಸ್‌ನಲ್ಲಿ ‘ಸೀರಿಯಲೈಸಬಲ್’ ಎಂಬ, ಏಕಕಾಲದ ವಹಿವಾಟುಗಳು ಒಂದಾದ ಮೇಲೊಂದು ನಡೆದಂತೆಯೇ ಫಲ ಬರುವ ಮಟ್ಟ ಆರಿಸಿದರೆ 2011ರ 9.1 ಆವೃತ್ತಿಯಿಂದ ಈಚೆಗೆ ಇಂಥದ್ದು ಪತ್ತೆಯಾಗಿ ಒಂದನ್ನು ತಿರಸ್ಕರಿಸುತ್ತದೆ. ತಿರಸ್ಕೃತವಾದದ್ದನ್ನು ತಂತ್ರಾಂಶ ಮತ್ತೆ ಯತ್ನಿಸಬೇಕು. ಎಸ್‌ಕ್ಯುಎಲ್ ಸರ್ವರ್, ಮೈಎಸ್‌ಕ್ಯುಎಲ್ ಎರಡೂ ಆ ಮಟ್ಟದಲ್ಲಿ ಬೀಗಗಳ ಮೂಲಕ ತಡೆಯುತ್ತವೆ. ಒರಾಕಲ್‌ನಲ್ಲಿ ಅದೇ ಹೆಸರಿನ ಮಟ್ಟ ಇದೆ, ಆದರೆ ಈ ಪ್ರಕರಣವನ್ನು ಅದು ಹಿಡಿಯುವುದಿಲ್ಲ. ಸದಸ್ಯರ ಮೂಲ ಸಾಲಿಗೆ ತಂತ್ರಾಂಶವೇ ಬೀಗ ಹಾಕಬೇಕು. ಅತಿ ದುಬಾರಿಯದ್ದೇ ಅತಿ ಭದ್ರ ಎಂದು ಭಾವಿಸಿದವರು ಇಲ್ಲಿ ಸ್ವಲ್ಪ ನಿಲ್ಲಲಿ.

ಮಾರ್ಚ್ ಅಂತ್ಯಕ್ಕೆ ಬರೋಣ. ಲೆಕ್ಕ ಪರಿಶೋಧಕರು ವರ್ಷದ ಅಢಾವೆ ತೆಗೆಯುತ್ತಿದ್ದಾರೆ, ಕೌಂಟರಿನಲ್ಲಿ ರಸೀದಿ ಬರೆಯುವುದು ನಡೆದೇ ಇದೆ. ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ. ಓದುವವರಿಗೆ ಹಳೆಯ ಪ್ರತಿ ಕಾಣುತ್ತದೆ. ಎಸ್‌ಕ್ಯುಎಲ್ ಸರ್ವರ್ ಸ್ವಂತ ಯಂತ್ರದಲ್ಲಿ ಹಾಕಿದಾಗ ಮೂಲ ಸ್ಥಿತಿಯಲ್ಲಿ ಹಾಗಿಲ್ಲ, ಉದ್ದದ ವರದಿಗೂ ಕೌಂಟರಿಗೂ ತಿಕ್ಕಾಟ ಶುರುವಾಗುತ್ತದೆ. ‘ರೀಡ್ ಕಮಿಟೆಡ್ ಸ್ನಾಪ್‌ಶಾಟ್’ ಎಂಬ ಒಂದು ಆಯ್ಕೆಯನ್ನು ಚಾಲೂ ಮಾಡಿದರೆ ಸರಿಹೋಗುತ್ತದೆ. “ಮಾರ್ಚಿನಲ್ಲಿ ಸಿಸ್ಟಮ್ ಹ್ಯಾಂಗ್ ಆಗುತ್ತದೆ” ಎಂದು ವರ್ಷ ವರ್ಷ ಗೊಣಗುವ ಕಚೇರಿಗಳು ಹೊಸ ಸರ್ವರಿಗೆ ಕೊಟೇಶನ್ ತರಿಸುವ ಮೊದಲು ಇದನ್ನು ನೋಡಲಿ.

ಪೋಸ್ಟ್‌ಗ್ರೆಸ್‌ಗೂ ತನ್ನದೇ ರೋಗವಿದೆ. ತಿದ್ದಿದ ಸಾಲಿನ ಹಳೆಯ ರೂಪ ಅದೇ ಟೇಬಲಿನಲ್ಲೇ ಬಿದ್ದಿರುತ್ತದೆ, ಅದನ್ನು ‘ವ್ಯಾಕ್ಯೂಮ್’ ಎಂಬ ಕೆಲಸ ಗುಡಿಸಬೇಕು. ಯಾರೋ ಒಂದು ವಹಿವಾಟನ್ನು ತೆರೆದು ಊಟಕ್ಕೆ ಹೋದರೆ ಅಷ್ಟು ಹೊತ್ತೂ ಗುಡಿಸುವುದು ನಿಲ್ಲುತ್ತದೆ, ಟೇಬಲ್ ಊದಿಕೊಳ್ಳುತ್ತದೆ. ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರಕ್ರಿಯೆ ಹುಟ್ಟುವುದರಿಂದ ನೂರಾರು ಕೌಂಟರ್‌ಗಳು ನೇರವಾಗಿ ಸೇರಿಕೊಂಡರೆ ಮೆಮೊರಿ ತಿನ್ನುತ್ತದೆ. ನಡುವೆ ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಎಂಬ ಸಣ್ಣ ತಂತ್ರಾಂಶ ಇಡಬೇಕು. ಇವೆರಡನ್ನು ಬಲ್ಲವರಿಗೆ ಪೋಸ್ಟ್‌ಗ್ರೆಸ್ ಸಾಧು. ಒರಾಕಲ್ ಹಳೆಯ ರೂಪಗಳನ್ನು ಬೇರೆಡೆ ಇಡುತ್ತದೆ, ಆ ಜಾಗ ಸಾಲದೆ ಹೋದರೆ ಉದ್ದದ ವರದಿ ಅರ್ಧದಲ್ಲೇ ‘ಸ್ನಾಪ್‌ಶಾಟ್ ಟೂ ಓಲ್ಡ್’ ಎಂದು ಕೈಚೆಲ್ಲುತ್ತದೆ.

ಮೈಎಸ್‌ಕ್ಯುಎಲ್ ಬಗ್ಗೆ ನನಗಿರುವ ಅಸಮಾಧಾನ ಹಳೆಯದು. ‘ತೂಕ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬಂಥ ನಿಬಂಧನೆಯನ್ನು ಬರೆದರೆ ಅದು ತಕರಾರಿಲ್ಲದೆ ಓದಿಕೊಳ್ಳುತ್ತಿತ್ತು, ಆದರೆ ಪಾಲಿಸುತ್ತಿರಲಿಲ್ಲ! 2019ರ 8.0.16ರಲ್ಲಿ ಇದು ಸರಿಯಾಯಿತು. ಈಗಿನ ಆವೃತ್ತಿ ಲೆಕ್ಕಪತ್ರಕ್ಕೆ ಯೋಗ್ಯವೇ. ಆದರೆ 8.0ರ ಬೆಂಬಲದ ಅವಧಿ 2026ರ ಏಪ್ರಿಲ್‌ವರೆಗೆ ಮಾತ್ರ, ಹೊಸದಾಗಿ ಹಾಕುವವರು 8.4ರಿಂದ ಶುರುಮಾಡಬೇಕು.

ಕನ್ನಡದಲ್ಲಿ ಹೆಸರು, ವಿಳಾಸ

ಬೆಂಗಳೂರಿನಿಂದ ಬರುವ ಪ್ರಾತ್ಯಕ್ಷಿಕೆಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ರೈತರಿಗೆ ಕೊಡುವ ಪಟ್ಟಿ ಕನ್ನಡದಲ್ಲಿರಬೇಕಾದರೆ ಇಲ್ಲಿ ಎಡವುವುದು ಸುಲಭ.

‘ಸೋಂದಾ ಅಂಚೆ, ಶಿರಸಿ ತಾಲೂಕು’ ಎಂಬ ವಿಳಾಸವನ್ನು ತೆಗೆದುಕೊಳ್ಳಿ. ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎಣಿಸಿದರೆ 24 ಸಂಕೇತಗಳು. ಆದರೆ ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು, ಗುಣಿತದ ಚಿಹ್ನೆಗೂ ಸೇರಿ. ಒಟ್ಟು 64 ಬೈಟ್. ಒರಾಕಲ್‌ನಲ್ಲಿ 50 ಎಂದು ಅಂಕಣದ ಅಳತೆ ಬರೆದರೆ ಮೂಲ ಸ್ಥಿತಿಯಲ್ಲಿ ಅದು 50 ಬೈಟ್. ಈ ವಿಳಾಸ ಹಿಡಿಸುವುದಿಲ್ಲ. ಅಳತೆ ಅಕ್ಷರಗಳಲ್ಲಿ ಎಂದು ಬಿಡಿಸಿ ಹೇಳಬೇಕು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎರಡೂ ಸಂಕೇತಗಳನ್ನೇ ಎಣಿಸುತ್ತವೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ‘ಎನ್‌ವಾರ್‌ಚಾರ್’ ಎಂಬ ಅಂಕಣದ ಬಗೆ ಬಳಸದೆ ಹಳೆಯ ‘ವಾರ್‌ಚಾರ್’ ಬಳಸಿದರೆ ಸಾಮಾನ್ಯವಾಗಿ ಹೆಸರಿನ ಜಾಗದಲ್ಲಿ ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಮತ್ತು ಹೋದ ಹೆಸರು ಮರಳಿ ಬಾರದು.

ಅಕಾರಾದಿಯೂ ಒಂದು ಗೋಳು. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಬರುವುದು ‘ಲ’ ಆದ ಕೂಡಲೇ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಸಂಕೇತಗಳ ಕ್ರಮದಲ್ಲೇ ವಿಂಗಡಿಸಿದರೆ ‘ಹಳಿಯಾಳ’ ‘ಹವಾಮಾನ’ಕ್ಕಿಂತ ಮೇಲೆ ಕೂರುತ್ತದೆ. ವಿಂಗಡಣೆಯ ನಿಯಮವನ್ನು ಡೇಟಾಬೇಸ್ ಹುಟ್ಟುವಾಗಲೇ ಗೊತ್ತುಮಾಡಿ, ಈ ಎರಡು ಪದ ಹಾಕಿ ಪರೀಕ್ಷಿಸಿ; ಆಮೇಲೆ ಬದಲಿಸಿದರೆ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ. ‘ಸೋ’ದಂಥ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು, ಕಣ್ಣಿಗೆ ಎಲ್ಲವೂ ಒಂದೇ, ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ಸಿಗದು. ಪೋಸ್ಟ್‌ಗ್ರೆಸ್ 13ರಿಂದ ಇದನ್ನು ಏಕರೂಪಕ್ಕೆ ತರುವ ಸೌಕರ್ಯ ಒಳಗೇ ಇದೆ. ಇನ್ನು ನುಡಿ, ಬರಹ ಕಾಲದ ಹಳೆಯ ದತ್ತಾಂಶ ಇದ್ದವರಿಗೆ: ಅದು ಕನ್ನಡವಾಗಿ ಕಾಣುವ ಇಂಗ್ಲಿಷ್ ಸಂಕೇತಗಳ ರಾಶಿ ಆಗಿರಬಹುದು. ಪರಿವರ್ತಿಸಿದ ಮೇಲೆ ಪಟ್ಟಿಯನ್ನು ಮನುಷ್ಯರೇ ಕೂತು ಓದಬೇಕು, ಒತ್ತಕ್ಷರಗಳಲ್ಲಿ ತಪ್ಪು ಉಳಿಯುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಿನ ಕರೆಂಟು ಹೇಗೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾಲ್ಕೂ ಡೇಟಾಬೇಸ್‌ಗಳು ‘ದಾಖಲಾಯಿತು’ ಎಂದು ಹೇಳುವ ಮೊದಲು ಡಿಸ್ಕಿನ ದಿನಚರಿ ಕಡತಕ್ಕೆ ಬರೆಯುತ್ತವೆ, ಕರೆಂಟು ಬಂದಾಗ ಅದನ್ನು ಓದಿ ಚೇತರಿಸಿಕೊಳ್ಳುತ್ತವೆ. ಮೋಸ ಮಾಡುವುದು ಅಗ್ಗದ ಡಿಸ್ಕ್. ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ಕೆಲವು, ದತ್ತಾಂಶ ಇನ್ನೂ ತಮ್ಮ ತಾತ್ಕಾಲಿಕ ನೆನಪಿನಲ್ಲಿರುವಾಗಲೇ ‘ಬರೆದಾಯಿತು’ ಎನ್ನುತ್ತವೆ. ವಿದ್ಯುತ್ ಹೋದರೂ ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪ್ಯಾಸಿಟರ್ ಇರುವ ಸರ್ವರ್ ದರ್ಜೆಯ ಡಿಸ್ಕನ್ನೇ ಕೊಳ್ಳಿ. ಯುಪಿಎಸ್ ಇದೆಯಲ್ಲ ಎನ್ನಬೇಡಿ, ಅದರ ಬ್ಯಾಟರಿಗೂ ಆಯಸ್ಸಿದೆ. ಮೈಎಸ್‌ಕ್ಯುಎಲ್‌ನ ಹಳೆಯ ಮೈಐಎಸ್‌ಎಎಂ ಟೇಬಲ್‌ಗಳು ಇನ್ನೂ ಎಲ್ಲಾದರೂ ಉಳಿದಿದ್ದರೆ ಇನ್ನೋಡಿಬಿ ಎಂಬ ಈಗಿನ ಬಗೆಗೆ ಬದಲಿಸಿ. ಕರೆಂಟು ಹೋದಾಗ ಮುರಿಯುವುದು ಅವೇ.

ಎರಡನೆಯ ಪ್ರತಿಯನ್ನು ಎಲ್ಲಿಡುವುದು? ಕುಮಟಾದ ಶಾಖೆಯಲ್ಲಿಟ್ಟು ಪ್ರತಿ ವಹಿವಾಟೂ ಅಲ್ಲಿಗೆ ತಲುಪಿದ ಮೇಲೆಯೇ ‘ಆಯಿತು’ ಎನ್ನಿಸುವ ಏರ್ಪಾಡು ಕಾಗದದ ಮೇಲೆ ಚಂದ. ದೇವಿಮನೆ ಘಟ್ಟದ ರಸ್ತೆಯ ಕೆಲಸದಲ್ಲಿ ಕೇಬಲ್ ತುಂಡಾದರೆ ಶಿರಸಿಯ ಕೌಂಟರೂ ಕಾಯುತ್ತ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಜೊತೆಗಾರ ಒಬ್ಬನೇ ಇದ್ದು ಅವನೂ ಮಾಯವಾದರೆ ಹೀಗೇ ಆಗುವುದು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಒಂದೇ ಮಳೆ. ಕಾಯಿಸುವ ಪ್ರತಿಯನ್ನು ಊರಲ್ಲೇ ಬೇರೆ ಕಟ್ಟಡದಲ್ಲಿಡಿ. ಕಾಯಿಸದೆ ಹಿಂದಿನಿಂದ ಸಾಗುವ ಇನ್ನೊಂದನ್ನು ಮುಂಬಯಿ ಅಥವಾ ಹೈದರಾಬಾದಿನ ಕ್ಲೌಡ್ ಕೇಂದ್ರದಲ್ಲಿಡಿ. ಪೋಸ್ಟ್‌ಗ್ರೆಸ್‌ನಲ್ಲಿ ಈ ಮೂರು ಪ್ರತಿಗಳಿಗೆ ಯಂತ್ರದ ಖರ್ಚು ಮಾತ್ರ. ಎಸ್‌ಕ್ಯುಎಲ್ ಸರ್ವರ್ ಸ್ಟ್ಯಾಂಡರ್ಡ್‌ನ ಲಭ್ಯತಾ ಗುಂಪಿನಲ್ಲಿ (ಪ್ರತಿಗಳನ್ನು ಜೊತೆಯಾಗಿ ಕಾಯುವ ಏರ್ಪಾಡು) ಒಂದು ಡೇಟಾಬೇಸ್, ಎರಡು ಪ್ರತಿ ಅಷ್ಟೇ.

ಇಡೀ ಡೇಟಾಬೇಸನ್ನೇ ಕ್ಲೌಡಿನಲ್ಲಿ ಬಾಡಿಗೆಗೆ ಪಡೆದರೆ ಬ್ಯಾಕಪ್, ಪ್ರತಿ, ಆವೃತ್ತಿ ಬದಲಾವಣೆ ಎಲ್ಲ ಅವರದ್ದೇ ಹೊಣೆ. ಶಾಖೆಗಳು ಹೇಗೂ ಇಂಟರ್‌ನೆಟ್ ನಂಬಿ ಕೂತಿರುವುದರಿಂದ ಇದು ಕೆಟ್ಟ ಆಯ್ಕೆಯಲ್ಲ. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಕಂಪನಿಗಳ ಸಂಪರ್ಕ ಇರಬೇಕು, ಟೆಂಡರ್ ಪ್ರಾಂಗಣದಲ್ಲಿ ತೂಕದ ಚೀಟಿಯನ್ನು ಒಂದೆರಡು ತಾಸು ಸ್ಥಳೀಯವಾಗಿ ಬರೆದಿಟ್ಟುಕೊಳ್ಳುವ ಶಕ್ತಿ ತಂತ್ರಾಂಶಕ್ಕೆ ಇರಬೇಕು.

ಕಾಕ್ರೋಚ್‌ಡಿಬಿ, ಯುಗಬೈಟ್‌ನಂಥ ಹಂಚಿಕೆಯ ಡೇಟಾಬೇಸ್‌ಗಳು ಕನಿಷ್ಠ ಮೂರು ಯಂತ್ರ ಬೇಡುತ್ತವೆ, ಪ್ರತಿ ಬರಹಕ್ಕೂ ಬಹುಮತ ಕೇಳುತ್ತವೆ. ಸೆಕೆಂಡಿಗೆ 70 ಸಾಲಿಗೆ ಇವನ್ನು ತರುವುದು ಗುಡ್ಡ ಅಗೆದು ಇಲಿ ಹಿಡಿದ ಕಥೆ. ಮೊಂಗೋಡಿಬಿ ಬೇರೆ ಜಾತಿಯ ಕೆಲಸಕ್ಕೆ ಒಳ್ಳೆಯದು. ಜಮೆ-ಖರ್ಚು ತಾಳೆಯಾಗಬೇಕಾದಲ್ಲಿ ಬೇಡ. ಡಿಬಿ2 ಸೊಗಸಾದ ಹಳೆಯ ವ್ಯವಸ್ಥೆ, ಆದರೆ ಬ್ಯಾಂಕಿನ ಮೇನ್‌ಫ್ರೇಮ್ ಬಳಿ ಕೆಲಸ ಮಾಡಿದವರು ಸಿಗದೆ ಅದಕ್ಕೆ ಕೈ ಹಾಕುವಂತಿಲ್ಲ.

ಯಾರಿಗೆ ಯಾವುದು

ಹೊಸದಾಗಿ ಬರೆಸುವ ತಂತ್ರಾಂಶಕ್ಕೆ ಪೋಸ್ಟ್‌ಗ್ರೆಸ್. ಇದು ಕಡುಬಡವರ ಆಯ್ಕೆಯಲ್ಲ: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಯೋಜನೆ, ಮುಖ್ಯಸ್ಥರಾಗಿದ್ದ ಮೈಕೆಲ್ ಸ್ಟೋನ್‌ಬ್ರೇಕರ್ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ (2014) ಬಂತು. ಸಂಸ್ಥೆಯ ಕಂಪ್ಯೂಟರ್ ವಿಭಾಗದವರು ವಿಂಡೋಸ್‌ನಲ್ಲೇ ಬೆಳೆದವರು, ತಂತ್ರಾಂಶವೂ ಮೈಕ್ರೋಸಾಫ್ಟಿನದೇ ಡಾಟ್‌ನೆಟ್‌ನಲ್ಲಿದೆ ಎಂದಾದರೆ ಎಸ್‌ಕ್ಯುಎಲ್ ಸರ್ವರ್ ಸ್ಟ್ಯಾಂಡರ್ಡ್ ಕೊಳ್ಳಿ, ಸಂಕೋಚ ಬೇಡ. ಬ್ಯಾಕಪ್ ನಿಗದಿ, ನಿಗಾ, ಅನುಮತಿ ಎಲ್ಲವನ್ನೂ ಒಂದೇ ಪರದೆಯಲ್ಲಿ ಮಾಡಿ ಮುಗಿಸುವ ಅನುಕೂಲ ಬೇರೆಯವರಲ್ಲಿ ಅಷ್ಟಿಲ್ಲ, ಮತ್ತು ಶಿರಸಿಯಲ್ಲಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಬರುವ ಒಬ್ಬರು ಸಿಗುತ್ತಾರೆ ಎಂಬುದಕ್ಕೆ 31,560 ಡಾಲರ್ ಕೆಲವರಿಗೆ ಸರಿಯಾದ ಬೆಲೆ. ಜಾಲತಾಣ, ಕಿರಾಣಿ ವಿಭಾಗ, ಸಿದ್ಧ ಇಆರ್‌ಪಿ ಇದ್ದವರಿಗೆ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಸಾಕು.

ಒರಾಕಲ್ ಹೊಸದಾಗಿ ಕೊಳ್ಳಲು ನಾನು ಹೇಳಲಾರೆ. ಈಗಾಗಲೇ ಇರುವವರು ಆತುರದಿಂದ ಬಿಡಲೂ ಬೇಡಿ. ಅಮೆಜಾನ್ ಕಂಪನಿ ತನ್ನ ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳಲ್ಲಿದ್ದ 75 ಪೆಟಾಬೈಟ್ ದತ್ತಾಂಶವನ್ನು ಸ್ಥಳಾಂತರಿಸಿ 2019ರಲ್ಲಿ ಕೈತೊಳೆದುಕೊಂಡಿತು, ಅದಕ್ಕೆ ವರ್ಷಗಳೇ ಹಿಡಿದವು. ನಮ್ಮಲ್ಲಿ ದತ್ತಾಂಶ ಕಡಿಮೆ, ಆದರೆ ಡೇಟಾಬೇಸಿನ ಒಳಗೆ ಒರಾಕಲ್‌ನ ಸ್ವಂತ ಭಾಷೆಯಾದ ಪಿಎಲ್/ಎಸ್‌ಕ್ಯುಎಲ್‌ನಲ್ಲಿ ಬರೆದಿಟ್ಟ ಬಡ್ಡಿ ಲೆಕ್ಕ, ಕಡಿತದ ಲೆಕ್ಕ ಎಲ್ಲವನ್ನೂ ಬಿಡಿಸಿ ಬರೆಯಬೇಕು. ಸಣ್ಣ ವ್ಯತ್ಯಾಸಗಳೇ ಜೀವ ತಿನ್ನುತ್ತವೆ: ಒರಾಕಲ್‌ಗೆ ಖಾಲಿ ಅಕ್ಷರಮಾಲೆಯೂ ‘ಮೌಲ್ಯವೇ ಇಲ್ಲ’ ಎಂಬುದೂ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆ ಬೇರೆ. ಮಧ್ಯದ ಹೆಸರಿಲ್ಲದ ಸದಸ್ಯರೆಲ್ಲ ಒಂದು ವರದಿಯಿಂದ ಸದ್ದಿಲ್ಲದೆ ಬಿದ್ದುಹೋಗಲು ಇಷ್ಟು ಸಾಕು.

ಕರಾರಿನಲ್ಲಿ ಬರೆಸಬೇಕಾದದ್ದು

ಯಾವುದನ್ನು ಆರಿಸಿದರೂ ಬ್ಯಾಕಪ್ ತೆಗೆಯುತ್ತೇವೆ ಎಂಬ ಮಾತನ್ನು ಒಪ್ಪಬೇಡಿ. ಬ್ಯಾಕಪ್‌ನಿಂದ ಮರಳಿ ಎಬ್ಬಿಸಿ ತೋರಿಸುತ್ತೇವೆ ಎಂದು ಬರೆಸಿ, ಮೂರು ತಿಂಗಳಿಗೊಮ್ಮೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನೌಕರರೊಬ್ಬರು ತಪ್ಪು ಯಂತ್ರದಲ್ಲಿ ಡೇಟಾಬೇಸಿನ ಕಡತಗಳನ್ನು ಅಳಿಸಿದರು. ನಿತ್ಯ ಓಡುತ್ತಿದ್ದ ಬ್ಯಾಕಪ್, ಡೇಟಾಬೇಸಿನ ಆವೃತ್ತಿಗೂ ಅದರ ಆವೃತ್ತಿಗೂ ತಾಳೆಯಾಗದೆ ವಿಫಲವಾಗುತ್ತಲೇ ಇತ್ತು, ಯಾರಿಗೂ ತಿಳಿದಿರಲಿಲ್ಲ. ಸುಮಾರು ಆರು ತಾಸಿನ ದತ್ತಾಂಶ ಹೋಯಿತು. ಅವರು ತಂತ್ರಾಂಶವನ್ನೇ ವೃತ್ತಿಯಾಗಿ ಮಾಡುವವರು.

ಕಂಪನಿ ಕಾಯ್ದೆಯಡಿ ನೋಂದಾಯಿತರಾದವರಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ನಿಲ್ಲಿಸಲು ಬರಬಾರದು. ಜಾಡನ್ನು ತಂತ್ರಾಂಶದಲ್ಲಷ್ಟೇ ಅಲ್ಲ, ನೇರವಾಗಿ ಡೇಟಾಬೇಸಿಗೆ ಕೈ ಹಾಕಿದರೂ ದಾಖಲಾಗುವಂತೆ ಕೇಳಿ. ಜಿಎಸ್‌ಟಿಯ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕಾದ್ದರಿಂದ ಹಳೆಯ ವರ್ಷಗಳನ್ನು ಅಳಿಸಿ ವೇಗ ಹೆಚ್ಚಿಸುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ.

ಆಡಳಿತಾಧಿಕಾರದ ಪಾಸ್‌ವರ್ಡ್ ಮಾರಾಟಗಾರರ ಬಳಿ ಮಾತ್ರ ಇರಕೂಡದು. ಕರಾರು ಮುಗಿದ ದಿನ ಇಡೀ ದತ್ತಾಂಶವನ್ನು, ಯಾವ ಟೇಬಲಿನಲ್ಲಿ ಏನಿದೆ ಎಂಬ ವಿವರಣೆಯ ಸಮೇತ, ಬೇರೆಯವರು ಓದಬಲ್ಲ ರೂಪದಲ್ಲಿ ಹೆಚ್ಚುವರಿ ಹಣವಿಲ್ಲದೆ ಕೊಡಬೇಕು ಎಂದು ಬರೆಸಿ. ಪೋಸ್ಟ್‌ಗ್ರೆಸ್‌ನ ಪ್ರತಿ ಆವೃತ್ತಿಗೆ ಐದು ವರ್ಷ ಮಾತ್ರ ದುರಸ್ತಿ ಬರುವುದರಿಂದ ಆವೃತ್ತಿ ಬದಲಿಸುವ ಹೊಣೆ ಯಾರದು, ಅದರ ಹಣ ಮೊದಲ ಬೆಲೆಯಲ್ಲಿ ಸೇರಿದೆಯೇ ಎಂಬುದನ್ನೂ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.